ಮೇ ತಿಂಗಳಲ್ಲಿ ಅಳೆಯಿರಿ

ಸರ್ಕಾರಿ ಯೋಜನೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಅನುದಾನ ಎಷ್ಟು ಬಂತು, ಎಷ್ಟು ಖರ್ಚಾಯ್ತು? ಎರಡನೆಯದು, ಕಾಮಗಾರಿ ಎಷ್ಟು ಮುಗಿದವು? ಅಲ್ಲಿಗೆ ಒಂದು ಇಲಾಖೆಯ ಸರದಿ ಮುಗಿಯುತ್ತದೆ, ಮುಂದಿನವರು ಎದ್ದು ನಿಲ್ಲುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಯೋಜನೆಗಳ ಮೌಲ್ಯಮಾಪನ ಮಾಡುವುದು ನನ್ನ ಕೆಲಸ. ಈ ಎರಡು ಪ್ರಶ್ನೆಗಳ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಖರ್ಚಾಗದೆ ವಾಪಸ್ ಹೋದರೆ ನಷ್ಟ ನಮ್ಮದೇ ಅಲ್ವಾ? ಆದರೆ ಮೂರನೆಯ ಪ್ರಶ್ನೆಯೊಂದಿದೆ. ಮೂರು ವರ್ಷದ ಹಿಂದೆ ಮುಗಿಸಿದ್ದು ಈಗ ಹೇಗಿದೆ? ಅದನ್ನು ಕೇಳುವವರು ಕಡಿಮೆ. ಕುರ್ಚಿಯಲ್ಲಿ ಕೂತವರು ಏನು ಕೇಳುತ್ತಾರೋ ಕೆಳಗಿನವರು ಅದನ್ನೇ ಅಳೆಯುತ್ತಾರೆ. ಕೇಳದೇ ಇದ್ದದ್ದಕ್ಕೆ ರಿಜಿಸ್ಟರ್ ಕೂಡ ಇರುವುದಿಲ್ಲ.

ಅಳತೆ ಎನ್ನುವುದು ನಮ್ಮ ಭಾಗಕ್ಕೆ ಹೊಸದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟುಕೊಂಡು ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಮುಂದೆ ಈ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಅದಕ್ಕಾಗಿ ನಡೆದ ಹೋರಾಟಕ್ಕೆ ಗಟ್ಟಿ ಆಧಾರ ಕೊಟ್ಟದ್ದರಲ್ಲಿ ಈ ಅಂಕಿಗಳೂ ಸೇರಿವೆ. ಹಾಗಾಗಿ "ಅಂಕಿಯಿಂದ ಏನಾಗುತ್ತೆ ಸರ್" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆ ಸಮಿತಿಯ ಅಳತೆಯಲ್ಲಿ ಒಂದು ಗುಣ ಗಮನಿಸಬೇಕು. ಅದು ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದಿತ್ತು. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು. ಅಂದರೆ ಚಿಂಚೋಳಿ, ಔರಾದ್ ಎಷ್ಟೇ ಮುಂದೆ ಬಂದರೂ ಬೆಂಗಳೂರು ಅದಕ್ಕಿಂತ ಜೋರಾಗಿ ಓಡಿದರೆ ನಮ್ಮ ಅಂಕ ಕೆಳಗಿಳಿಯಬಹುದು. ಅಂತರ ಎಷ್ಟಿದೆ ಎಂದು ತಿಳಿಯಲು ಈ ಅಳತೆ ಸರಿ. ಒಂದು ತಾಲ್ಲೂಕಿನ ಜನರ ಬದುಕು ಹೋದ ವರ್ಷಕ್ಕಿಂತ ಹಸನಾಯಿತೇ ಎಂದು ತಿಳಿಯಬೇಕಾದರೆ ಬೇರೆ ಅಳತೆ ಬೇಕು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಬಹಳ ಕಡೆ ಈ ಎರಡನೇ ದಾರಿ ಹಿಡಿದವು. 169 ಉಪಗುರಿಗಳಲ್ಲಿ ಬಹುತೇಕ 2030ರ ಗಡುವಿನವು.

ದೇಶದ ಮಟ್ಟದಲ್ಲಿ ಈ ಗುರಿಗಳನ್ನು (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಎಸ್‌ಡಿಜಿ) ಅಳೆಯುವುದು ನೀತಿ ಆಯೋಗದ ಎಸ್‌ಡಿಜಿ ಸೂಚ್ಯಂಕ. 2018ರಲ್ಲಿ ಭಾರತಕ್ಕೆ 57 ಅಂಕ, 2023-24ರಲ್ಲಿ 71. ಕರ್ನಾಟಕ 64ರಿಂದ 75ಕ್ಕೆ ಬಂತು. ಖುಷಿ ಪಡೋಣ, ಆದರೆ ಸ್ವಲ್ಪ ಹುಷಾರಾಗಿ. 2018ರಲ್ಲಿ 62 ಸೂಚಕಗಳಿದ್ದವು, 2020-21ರ ಹೊತ್ತಿಗೆ 115 ಆದವು, ಆಮೇಲೆ 113. ಅಳೆಯುವ ಕೋಲೇ ಬದಲಾದ ಮೇಲೆ ಎರಡು ವರ್ಷದ ಅಂಕಗಳನ್ನು ಪಕ್ಕಪಕ್ಕ ಇಟ್ಟು "ಇಷ್ಟು ಏರಿತು" ಎನ್ನುವುದು ಅರ್ಧ ಸತ್ಯ. ಜೊತೆಗೆ ಇದು ಸರಾಸರಿ. ಒಂದು ಗುರಿಯಲ್ಲಿ ಬಿದ್ದದ್ದನ್ನು ಇನ್ನೊಂದರಲ್ಲಿ ಎದ್ದದ್ದು ಮುಚ್ಚಿಬಿಡುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36, ಯಾದಗಿರಿಯದು ಶೇ. 51.83. ರಾಜ್ಯದ ಅಂಕಿಯನ್ನಷ್ಟೇ ನೋಡಿದವನಿಗೆ ಯಾದಗಿರಿ ಕಾಣುವುದೇ ಇಲ್ಲ.

ಯಾದಗಿರಿ ಕಾಣಿಸಿದ್ದು 2018ರಲ್ಲಿ. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಮಾಡಿದ 112 ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ರಾಯಚೂರು, ಯಾದಗಿರಿ ಸೇರಿದವು. 49 ಸೂಚಕಗಳು, ಆರೋಗ್ಯ-ಪೌಷ್ಟಿಕತೆಗೆ ಶೇ. 30 ತೂಕ, ಶಿಕ್ಷಣಕ್ಕೆ ಶೇ. 30. ಇಲ್ಲಿ ನನಗೆ ಹಿಡಿಸಿದ್ದು, ಎಲ್ಲಿದ್ದೀರಿ ಎನ್ನುವುದಕ್ಕಿಂತ ಎಷ್ಟು ಸುಧಾರಿಸಿದ್ದೀರಿ ಎನ್ನುವುದಕ್ಕೆ ರ‍್ಯಾಂಕ್ ಕೊಟ್ಟದ್ದು. ಹಿಂದಿದ್ದ ಜಿಲ್ಲೆಗೂ ಗೆಲ್ಲುವ ಅವಕಾಶ ಸಿಕ್ಕಿತು. ಹಿಡಿಸದೇ ಇದ್ದದ್ದು, ಆ ರ‍್ಯಾಂಕ್ ತಿಂಗಳಿಗೊಮ್ಮೆ ಬಂದದ್ದು. ಮಗುವಿನ ಎತ್ತರ, ಮಣ್ಣಿನ ಸಾರ, ಅಂತರ್ಜಲ ಇವು ತಿಂಗಳಿಗೊಮ್ಮೆ ಸುಧಾರಿಸುವ ಸಂಗತಿಗಳೇ? ತಿಂಗಳಲ್ಲಿ ಬದಲಾಗುವುದು ನೋಂದಣಿ, ವಿತರಣೆ, ಖಾತೆ ತೆರೆಯುವುದು. ಗಮನವೆಲ್ಲ ಆ ಕಡೆಗೇ ಜಾಸ್ತಿ ಹರಿಯುತ್ತದೆ.

ಈಗ ನಮ್ಮ ಭಾಗದ ನಿಜವಾದ ತೊಡಕಿಗೆ ಬರುತ್ತೇನೆ. ಅದು ಗುಳೆ, ಕೂಲಿ ಹುಡುಕಿಕೊಂಡು ಊರು ಬಿಟ್ಟು ಹೋಗುವುದು.

ಸುಗ್ಗಿ ಮುಗಿದ ಮೇಲೆ ತಾಂಡಾಗಳಿಗೆ ಹೋಗಿ ನೋಡಿ. ಎಷ್ಟೋ ಮನೆಗೆ ಬೀಗ. ಅಂಗನವಾಡಿಯಲ್ಲಿ ಮಕ್ಕಳ ಬಗ್ಗೆ ಕೇಳಿದರೆ "ಊರಾಗ ಇಲ್ರೀ, ಪುಣೆಕ್ಕ ಹೋಗ್ಯಾರ್ರಿ" ಎಂಬ ಉತ್ತರ. ಮುಂಬೈ, ಹೈದರಾಬಾದ್, ಬೆಂಗಳೂರು, ಎಲ್ಲಿ ಕಟ್ಟಡದ ಕೆಲಸ ಇದೆಯೋ ಅಲ್ಲಿ ನಮ್ಮವರು. ಇದರಿಂದ ಅಂಕಿಗೆ ಏನಾಗುತ್ತದೆ ನೋಡಿ. ಲೆಕ್ಕಕ್ಕೆ ಅಂತ ಒಂದು ಊರು ಇಟ್ಟುಕೊಳ್ಳಿ. 100 ಮಕ್ಕಳು, ಅವರಲ್ಲಿ 40 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಗುಳೆ ಹೋದವರ ಜೊತೆ 30 ಮಕ್ಕಳು ಹೋದರು. ಹೋದವರು ಬಡವರು, ಹಾಗಾಗಿ ಆ 30ರಲ್ಲಿ 18 ಮಂದಿ ಎತ್ತರ ಕಡಿಮೆ ಇರುವವರು. ಉಳಿದ 70 ಮಕ್ಕಳಲ್ಲಿ ಈಗ 22. ಶೇ. 40 ಇದ್ದದ್ದು ಶೇ. 31ಕ್ಕೆ ಇಳಿಯಿತು. ಒಂದು ಮಗುವೂ ಒಂದು ಇಂಚು ಬೆಳೆಯದೆ ಊರು ಸುಧಾರಿಸಿಬಿಟ್ಟಿತು! ಯಾರೂ ಸುಳ್ಳು ಬರೆದಿಲ್ಲ. ಕಾರ್ಯಕರ್ತೆ ಇದ್ದ ಮಕ್ಕಳನ್ನು ಸರಿಯಾಗಿಯೇ ಅಳೆದಿದ್ದಾಳೆ.

ಆದ್ದರಿಂದ ಯಾವ ಶೇಕಡಾ ನೋಡಿದರೂ ನಾನು ಮೊದಲು ಕೇಳುವುದು, ಎಷ್ಟರಲ್ಲಿ ಎಷ್ಟು? ಕೆಳಗಿನ ಸಂಖ್ಯೆ ಹೋದ ಸಲಕ್ಕಿಂತ ಕಡಿಮೆಯಾಗಿದ್ದರೆ ಮೇಲಿನದನ್ನು ಹೊಗಳುವ ಮೊದಲು ಕಾಣೆಯಾದವರನ್ನು ಹುಡುಕಬೇಕು. ವಿಶ್ವಸಂಸ್ಥೆಯ ಉಪಗುರಿ 17.18 ಕೂಡ ಇದನ್ನೇ ಹೇಳುತ್ತದೆ. ಅಂಕಿಗಳನ್ನು ಆದಾಯ, ಲಿಂಗ, ವಯಸ್ಸು, ಅಂಗವೈಕಲ್ಯದ ಜೊತೆಗೆ ವಲಸೆಯ ಪ್ರಕಾರವೂ ಬಿಡಿಸಿ ಕೊಡಿ ಎಂದು. ನ್ಯೂಯಾರ್ಕಿನಲ್ಲಿ ಬರೆದ ಆ ಸಾಲು ಶಹಾಪುರ, ಸುರಪುರದ ತಾಂಡಾಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಆದರೂ ಗುಳೆಯ ಕಾಲಂ ಇರುವ ಪ್ರಗತಿ ವರದಿ ಅಪರೂಪ.

ನೀರಿನ ಕಥೆಯೂ ಹೀಗೆಯೇ, ಅಲ್ಲಿ ಜನರ ಬದಲು ಋತು ಕಾಣೆಯಾಗುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ನಿಯಮದ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್, ಒಳ್ಳೆಯ ಗುಣಮಟ್ಟದ್ದು, ತಪ್ಪದೆ ಬಂದರೆ ಮಾತ್ರ ಅದು ಕೆಲಸ ಮಾಡುವ ನಳ. ವ್ಯಾಖ್ಯೆ ಚೆನ್ನಾಗಿಯೇ ಇದೆ. ಆದರೆ ಎಣಿಸಲು ಸುಲಭವಾದದ್ದು ಸಂಪರ್ಕಗಳ ಸಂಖ್ಯೆ, ಸಭೆಗೆ ಬರುವುದೂ ಅದೇ. ಎಕ್ಸೆಲ್ ಹಾಳೆಯಲ್ಲಿ ನೀರು ಯಾವತ್ತೂ ಬತ್ತಿಲ್ಲ! ನವೆಂಬರಿನಲ್ಲಿ ಹೋದರೆ ನಳದಲ್ಲಿ ನೀರು ಬರುತ್ತದೆ. ಮೇ ತಿಂಗಳಲ್ಲಿ ಅದೇ ಓಣಿಯಲ್ಲಿ "ನಳ ಅದ, ನೀರಿಲ್ರಿ" ಅನ್ನುತ್ತಾರೆ. ಬೀದರ್‌ನ ಕೆಳಗಿರುವುದು ಬಸಾಲ್ಟ್ ಬಂಡೆ, ಬಿರುಕುಗಳಲ್ಲಿ ಹಿಡಿದಷ್ಟೇ ನೀರು. ಬೋರು ಹಾಕಿದ ವರ್ಷ ಯೋಜನೆ ಯಶಸ್ವಿ, ನಾಲ್ಕನೇ ಬೇಸಿಗೆಯಲ್ಲಿ ಟ್ಯಾಂಕರ್.

ಈ ವಿಷಯದಲ್ಲಿ ಅಂತರ್ಜಲದವರನ್ನು ಮೆಚ್ಚಬೇಕು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ, ಮಳೆಗೆ ಮುಂಚಿನ ಬೇಸಿಗೆಯ ಅಳತೆಯನ್ನು ಬಿಡುವುದಿಲ್ಲ. ಈ ವರ್ಷದ ಬೇಸಿಗೆಯನ್ನು ಹೋದ ವರ್ಷದ ಬೇಸಿಗೆಯ ಜೊತೆ ಹೋಲಿಸಿದಾಗಲೇ ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಶಾಲೆ, ಪೌಷ್ಟಿಕತೆ, ಉದ್ಯೋಗ ಖಾತ್ರಿ ಎಲ್ಲದಕ್ಕೂ ಇಂಥ ಒಂದು ಕಷ್ಟಕಾಲದ ಅಳತೆ ಬೇಕು.

ಕಂಪನಿಗಳ ವಿಚಾರ ಚುಟುಕಾಗಿ ಹೇಳುತ್ತೇನೆ. ಸೇಡಂ, ಚಿತ್ತಾಪುರ ಸುತ್ತಿನ ಸಿಮೆಂಟ್ ಕಾರ್ಖಾನೆಗಳು ನಿಮಗೆ ಗೊತ್ತು. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ 1000 ಕಂಪನಿಗಳು 2022-23ರಿಂದ ಸುಸ್ಥಿರತಾ ವರದಿ ಕೊಡಲೇಬೇಕು, ಇದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಸಿಮೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಗಾಲ ಬರುವುದು ಸುಣ್ಣದ ಕಲ್ಲು ಸುಟ್ಟು ಒಡೆಯುವಾಗ ಕಲ್ಲಿನಿಂದಲೇ. ಹಾಗಾಗಿ ಸೋಲಾರ್ ಹಾಕಿದ ಫೋಟೊ ನೋಡಿ ಸುಮ್ನೆ ತಲೆಯಾಡಿಸಬೇಡಿ. ಟನ್ನಿಗೆ ಎಷ್ಟು ಎಂದು ಕೇಳಿ, ಒಟ್ಟು ಎಷ್ಟು ಎಂದೂ ಕೇಳಿ. ಟನ್ನಿಗೆ 700 ಕೆಜಿ ಇದ್ದದ್ದು 630ಕ್ಕೆ ಇಳಿದು, ಉತ್ಪಾದನೆ 20 ಲಕ್ಷ ಟನ್ನಿನಿಂದ 30 ಲಕ್ಷಕ್ಕೆ ಏರಿದರೆ ಒಟ್ಟು ಇಂಗಾಲ 14 ಲಕ್ಷ ಟನ್ನಿನಿಂದ 18.9 ಲಕ್ಷಕ್ಕೆ ಹೋಗುತ್ತದೆ. ವರದಿಯಲ್ಲಿ ಶೇ. 10 ಇಳಿಕೆ, ಆಕಾಶದಲ್ಲಿ ಶೇ. 35 ಏರಿಕೆ. ಎರಡೂ ಸರಿಯಾದ ಲೆಕ್ಕವೇ.

ಇನ್ನು ಮುಂದಾಳತ್ವ. ಕೆಟ್ಟ ಅಂಕಿ ತಂದವರನ್ನು ಸಭೆಯಲ್ಲಿ ಎಲ್ಲರ ಮುಂದೆ ಬೈದರೆ ಮುಂದಿನ ಸಲ ಕೆಟ್ಟ ಅಂಕಿ ಬರುವುದಿಲ್ಲ, ಕೆಟ್ಟ ಪರಿಸ್ಥಿತಿ ಹಾಗೇ ಇರುತ್ತದೆ. ನಾನು ನೋಡಿದ ಒಬ್ಬ ತಾಲ್ಲೂಕು ಅಧಿಕಾರಿಯ ರೀತಿ ಬೇರೆ. ಅವರು ಪ್ರತಿ ಸಭೆಯಲ್ಲೂ ತೀರಾ ಹಿಂದಿರುವ ಮೂರು ಊರುಗಳ ಮಾತು ಮೊದಲು ತೆಗೆಯುತ್ತಿದ್ದರು. "ಇಲ್ಲಿ ನಿಮಗೇನು ಬೇಕು?" ಎಂದು ಕೇಳುತ್ತಿದ್ದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ನಿಧಾನಕ್ಕೆ ನಿಜ ಹೇಳಲು ಶುರು ಮಾಡಿದರು. ಅದೇ ಹೊತ್ತಿಗೆ ತಾಲ್ಲೂಕಿನ ಅಂಕಿಗಳು ಹದಗೆಟ್ಟಂತೆ ಕಂಡವು, ಮೇಲಿನವರು ಕಾರಣ ಕೇಳಿದರು. ಅಳತೆ ಸರಿಯಾದಾಗ ಮೊದಲ ವರ್ಷ ಹಾಗೆಯೇ ಆಗುತ್ತದೆ. ಅದನ್ನು ತಡೆದುಕೊಳ್ಳುವ ಮೇಲಧಿಕಾರಿ ಬೇಕು.

ಪಂಚಾಯಿತಿಗಳಿಗೂ ಈಗ ಸೂಚ್ಯಂಕ ಬಂದಿದೆ. 2022-23ರ ಅಂಕಿಗಳ ಮೇಲೆ ಕಟ್ಟಿದ ಪಂಚಾಯತ್ ಉನ್ನತಿ ಸೂಚ್ಯಂಕ 2025ರಲ್ಲಿ ಹೊರಬಂತು. ಆ ಸುತ್ತಿನಲ್ಲಿ 9 ವಿಷಯ, 435 ಸೂಚಕ ಇದ್ದವು. ದೇಶದ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಲ್ಲಿ ಒಂದೂ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಏರಲಿಲ್ಲ. ಒಬ್ಬ ಪಿಡಿಒ, ಒಬ್ಬ ಡಾಟಾ ಆಪರೇಟರ್ ಇರುವ ಕಡೆ ಇಂಥ ಉದ್ದ ಪಟ್ಟಿ ತುಂಬುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬ ಅನುಮಾನ ನನಗಿದೆ. ತುಂಬಿ, ಬೇಡ ಅನ್ನುವುದಿಲ್ಲ. ಊರಿನ ಕೈಯಲ್ಲಿ ಮಾತ್ರ ನಾಲ್ಕೈದು ಸಾಕು. ಮೇ ತಿಂಗಳ ಎರಡನೇ ವಾರದಲ್ಲಿ ಪ್ರತಿ ವಾರ್ಡಿನಲ್ಲಿ ಕುಡಿಯುವ ನೀರು ಎಷ್ಟು ದಿನ ಬಂತು. ಅದೇ ವಾರ ಎಷ್ಟು ಮನೆಗೆ ಬೀಗ ಬಿದ್ದಿತ್ತು, ಎಷ್ಟು ಮಕ್ಕಳು ಜೊತೆಗೆ ಹೋಗಿದ್ದರು. ಊರಿನ ಎರಡು ಬಾವಿಗಳ ನೀರಿನ ಮಟ್ಟ. ಮೂರು ವರ್ಷದ ಹಿಂದೆ ಮುಗಿದ ಕಾಮಗಾರಿಗಳಲ್ಲಿ ಈಗಲೂ ಬಳಕೆಯಲ್ಲಿರುವವು ಎಷ್ಟು. ಇಷ್ಟನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಅಕ್ಟೋಬರ್ 2ಕ್ಕೆ ಮುಂದಿನ ವರ್ಷದ ಯೋಜನೆ ತಯಾರಿ ಶುರುವಾದಾಗ ಗ್ರಾಮ ಸಭೆಯಲ್ಲಿ ಮೊದಲು ಇದನ್ನು ಓದಿ, ಆಮೇಲೆ ಕಾಮಗಾರಿ ಪಟ್ಟಿ ತೆಗೆಯಿರಿ. ಮುಂದಿನ ಮೇ ತಿಂಗಳಲ್ಲಿ ಅದೇ ವಾರ, ಅದೇ ಬಾವಿ, ಅದೇ ವಾರ್ಡು. ಸೂಚಕ ಬದಲಿಸುವ ಆಸೆ ಯಾರಿಗಾದರೂ ಬಂದರೆ ಕನಿಷ್ಠ ಐದು ವರ್ಷ ತಡೆಯಿರಿ.