ಲಿಂಡ್ಸೆ ವಾನ್ ಅವರ ಬಲಮಂಡಿ

ಅಮೆರಿಕದ ಸ್ಕೀಯರ್ ಲಿಂಡ್ಸೆ ವಾನ್ ಬಗ್ಗೆ ಬರೆಯುವವರೆಲ್ಲ ಪದಕಗಳಿಂದ ಶುರು ಮಾಡುತ್ತಾರೆ. 2010ರ ವ್ಯಾಂಕೋವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ (ಹಿಮದ ಇಳಿಜಾರಿನಲ್ಲಿ ನಡೆಯುವ ಅತಿ ವೇಗದ ಸ್ಕೀ ರೇಸ್) ಚಿನ್ನ, 2018ರಲ್ಲಿ ಕಂಚು, 2019ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ 82 ವಿಶ್ವಕಪ್ ಗೆಲುವು. ದೊಡ್ಡ ಸಾಧನೆಯೇ. ಆದರೆ ನನಗೆ ಅದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಅವರ ಬಲಮಂಡಿ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ 50 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲನ್ನು ಹೊರಗಡೆಯ ಕಾಲು ಒಂದೇ ಹೊರಬೇಕು.

ಈ ಭಾರವನ್ನು ಪಳಗಿದ ತೊಡೆ ತಡೆದುಕೊಳ್ಳುತ್ತದೆ. ತಡೆಯಲಾಗದ್ದು ತಿರುಚುವ ಬಲ. ಹಿಂದೆ ಮೆತ್ತನೆಯ ಬೂಟು ಇದ್ದಾಗ ಸ್ಕೀಯರ್‌ಗಳ ಕಣಕಾಲು ಮುರಿಯುತ್ತಿತ್ತು. ಗಟ್ಟಿ ಪ್ಲಾಸ್ಟಿಕ್ ಬೂಟು ಬಂದು ಕಣಕಾಲು ಬಚಾವಾಯಿತು, ಪೆಟ್ಟು ಮೇಲಿನ ಮಂಡಿಗೆ ಹೋಯಿತು. ರೇಸ್‌ಗಳಲ್ಲಿ ಪದೇ ಪದೇ ಆಗುವುದು ಹೀಗೆ: ತಿರುವಿನಲ್ಲಿ ಹೊರಗಾಲಿನ ಸ್ಕೀ ಒಂದು ಕ್ಷಣ ಹಿಡಿತ ತಪ್ಪಿ ಜಾರುತ್ತದೆ, ಹಿಡಿತ ಹುಡುಕುತ್ತಾ ಕಾಲು ಚಾಚುವಷ್ಟರಲ್ಲಿ ಸ್ಕೀಯ ಒಳ ಅಂಚು ಫಕ್ಕನೆ ಹಿಮವನ್ನು ಕಚ್ಚುತ್ತದೆ, ಮಂಡಿ ಮಡಚಿ ಒಳಕ್ಕೆ ತಿರುಚಿಕೊಳ್ಳುತ್ತದೆ. ಬೂಟಿನಿಂದ ಸ್ಕೀ ಬಿಚ್ಚಿಕೊಳ್ಳುವುದಕ್ಕೂ ಮೊದಲೇ ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು (ಲಿಗಮೆಂಟ್) ಹರಿದುಹೋಗಬಹುದು.

ವಾನ್ ಬಿದ್ದದ್ದು ಜಂಪ್ ಮಾಡಿ ಇಳಿಯುವಾಗ, 2013ರಲ್ಲಿ, ಆಸ್ಟ್ರಿಯಾದ ಶ್ಲಾಡ್ಮಿಂಗ್‌ನಲ್ಲಿ. ಬಲಮಂಡಿಯ ಎಸಿಎಲ್, ಒಳಬದಿಯ ಕಟ್ಟಾದ ಎಂಸಿಎಲ್ ಎರಡೂ ಹರಿದವು, ಕೆಳಗಿನ ಮೂಳೆಯ ಮೇಲ್ತುದಿಯೂ ಮುರಿಯಿತು. ಆಪರೇಷನ್ ಆದ ಮಂಡಿಗೆ ಅದೇ ವರ್ಷ ಮತ್ತೆ ಪೆಟ್ಟು. 2014ರ ಸೋಚಿ ಒಲಿಂಪಿಕ್ಸ್ ಕೈತಪ್ಪಿತು. ಮಂಡಿಯೊಳಗೆ ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಮೃದ್ವಸ್ಥಿ ಒಮ್ಮೆ ಸವೆದರೆ ಮೂಳೆಯಂತೆ ತಾನಾಗಿ ಬೆಳೆದು ಕೂಡಿಕೊಳ್ಳುವುದಿಲ್ಲ, ಅದಕ್ಕೆ ರಕ್ತನಾಳಗಳೇ ಇಲ್ಲ. ಹಾಗಾಗಿ ನಿವೃತ್ತಿಯಾದ ಮೇಲೂ ನೋವು ಬಿಡಲಿಲ್ಲ.

2024ರ ಏಪ್ರಿಲ್‌ನಲ್ಲಿ ಅವರು ಭಾಗಶಃ ಮಂಡಿ ಬದಲಾವಣೆ ಮಾಡಿಸಿಕೊಂಡರು. ಇದರಲ್ಲಿ ಇಡೀ ಕೀಲನ್ನು ತೆಗೆಯುವುದಿಲ್ಲ. ಸವೆದ ಬದಿಯ ಮೂಳೆಯನ್ನಷ್ಟೇ ತೆಳ್ಳಗೆ ಕೆತ್ತಿ, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹ ಕೂರಿಸಿ, ನಡುವೆ ಪ್ಲಾಸ್ಟಿಕ್ ಇಡುತ್ತಾರೆ. ಎಸಿಎಲ್ ಉಳಿಯುತ್ತದೆ, ಕೀಲಿನ ಹತೋಟಿಯೂ ಉಳಿಯುತ್ತದೆ. ಸಾಮಾನ್ಯವಾಗಿ ಜನ ಇದನ್ನು ಮಾಡಿಸಿಕೊಳ್ಳುವುದು ನೋವಿಲ್ಲದೆ ಓಡಾಡಲು, ಅಲ್ವಾ? ವಾನ್ ಮಾತ್ರ 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಅಮೆರಿಕದ ಸನ್ ವ್ಯಾಲಿಯ ಸೂಪರ್-ಜಿ ರೇಸ್‌ನಲ್ಲಿ (ಡೌನ್‌ಹಿಲ್‌ಗಿಂತ ತಿರುವು ಜಾಸ್ತಿ ಇರುವ ವೇಗದ ರೇಸ್) ಎರಡನೆಯವರಾದರು. ಅದೇ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡ್‌ನ ಸೇಂಟ್ ಮೊರಿಟ್ಜ್‌ನ ಡೌನ್‌ಹಿಲ್ ಗೆದ್ದೇಬಿಟ್ಟರು.