ಇಶಿ ಎಂಬ ನಾಯಿಯ ಮೊಮ್ಮಕ್ಕಳು: ಶಿಬಾ ಇನು ಉಳಿದ ಕಥೆ

ಮುಂಗಾಲಿನ ಮೇಲೆ ಮುಂಗಾಲು ಹಾಕಿ, ಹುಬ್ಬೇರಿಸಿ, ಓರೆಗಣ್ಣಲ್ಲಿ ನೋಡುತ್ತಾ ಸೋಫಾ ಮೇಲೆ ಕೂತ ಕೆಂದು ನಾಯಿ. ಈ ಫೋಟೊ ನಿಮ್ಮ ಮೊಬೈಲಿಗೆ ಒಮ್ಮೆಯಾದರೂ ಬಂದಿರುತ್ತದೆ. ಅವಳ ಹೆಸರು ಕಬೋಸು. ಫೋಟೊ 2010ರದ್ದು. 2013ರಲ್ಲಿ ಯಾರೋ ತಮಾಷೆಗೆ ಹುಟ್ಟಿಸಿದ ಡೋಜ್‌ಕಾಯಿನ್ ಎಂಬ ಕ್ರಿಪ್ಟೊ ಹಣಕ್ಕೂ ಅದೇ ಮುಖ. ಮರಿ ಮಾರುವ ದಂಧೆಯೊಂದು ಮುಚ್ಚಿದಾಗ ದಿಕ್ಕಿಲ್ಲದಾಗಿದ್ದ ಈ ನಾಯಿಯನ್ನು 2008ರಲ್ಲಿ ಒಬ್ಬರು ಮನೆಗೆ ತಂದಿದ್ದರು. 2024ರ ಮೇ ತಿಂಗಳಲ್ಲಿ ತೀರಿಕೊಂಡಳು.

ಕಬೋಸು ಶಿಬಾ ತಳಿಯವಳು. ಇನು ಅಂದರೆ ಜಪಾನಿ ಭಾಷೆಯಲ್ಲಿ ನಾಯಿ. ಶಿಬಾ ಅಂದರೆ ಕುರುಚಲು ಪೊದೆ. ಪೊದೆಗೆ ನುಗ್ಗಿ ಹಕ್ಕಿ, ಮೊಲ ಎಬ್ಬಿಸುತ್ತಿದ್ದುದರಿಂದ ಆ ಹೆಸರು ಎನ್ನುತ್ತಾರೆ ಕೆಲವರು. ಒಣಗಿದ ಪೊದೆಯ ಬಣ್ಣ ಇರುವುದರಿಂದ ಎನ್ನುತ್ತಾರೆ ಇನ್ನು ಕೆಲವರು.

ಇದನ್ನು ಪುರಾತನ ತಳಿ ಎನ್ನುವುದು ವಾಡಿಕೆ. ಅದರಲ್ಲಿ ಅರ್ಧ ಸತ್ಯವಿದೆ. ಎಹಿಮೆ ಪ್ರಾಂತ್ಯದ ಕಮಿಕುರೊಇವಾ ಎಂಬ ಬಂಡೆಯಾಸರೆಯಲ್ಲಿ ಸುಮಾರು 7,000 ವರ್ಷ ಹಿಂದೆ ಮಣ್ಣು ಮಾಡಿದ ನಾಯಿಗಳ ಮೂಳೆ ಸಿಕ್ಕಿದೆ. ಸತ್ತ ನಾಯಿಯನ್ನು ಎಸೆಯದೆ ಹೂಳಿದ್ದರು ಎಂದರೆ ಅದು ಮನೆಯದೇ ಆಗಿತ್ತು, ಅಲ್ವಾ? 2004ರಲ್ಲಿ ಹಲವು ತಳಿಗಳ ಡಿಎನ್‌ಎ ಹೋಲಿಸಿದಾಗಲೂ ತೋಳಕ್ಕೆ ಹತ್ತಿರದ ಗುಂಪಿನಲ್ಲಿ ಶಿಬಾ ಕಾಣಿಸಿತು. ರಕ್ತ ಹಳೆಯದು, ಸರಿ. ಆದರೆ ಇವತ್ತು ನಾವು ನೋಡುವ ಶಿಬಾ ಕಳೆದ ಶತಮಾನದಲ್ಲಿ ಬೆರಳೆಣಿಕೆಯ ನಾಯಿಗಳಿಂದ ಮತ್ತೆ ಕಟ್ಟಿದ್ದು. ನನಗೆ ಹೆಚ್ಚು ಕುತೂಹಲ ಇರುವುದು ಈ ಅರ್ಧದಲ್ಲೇ.

1868ರಲ್ಲಿ ಮೇಜಿ ಚಕ್ರವರ್ತಿಯ ಆಡಳಿತ ಬಂದ ಮೇಲೆ ಜಪಾನ್ ಪಶ್ಚಿಮಕ್ಕೆ ಇನ್ನಷ್ಟು ಬಾಗಿಲು ತೆರೆಯಿತು. ಬೇಟೆಗೆ ಅಂತ ಪಾಯಿಂಟರ್, ಸೆಟ್ಟರ್ ನಾಯಿಗಳು ಬಂದವು. ಕಟ್ಟಿ ಸಾಕುವ ಪದ್ಧತಿ ಇಲ್ಲದ ಊರುಗಳಲ್ಲಿ ಬೆರಕೆಗೆ ಎಷ್ಟು ಹೊತ್ತು ಬೇಕು? ಪಟ್ಟಣಗಳಲ್ಲಿ ನಾಟಿ ನಾಯಿ ಕಾಣದಂತಾಯಿತು. ಬೆಟ್ಟದ ಹಳ್ಳಿಗಳಲ್ಲಿ ಮಾತ್ರ ಅಷ್ಟಿಷ್ಟು ಉಳಿಯಿತು.

1928ರಲ್ಲಿ ಸೈತೊ ಹಿರೊಕಿಚಿ ಎಂಬವರು ಜಪಾನಿ ನಾಯಿಗಳ ಸಂರಕ್ಷಣೆಗೆ ‘ನಿಪ್ಪೊ’ ಎಂಬ ಸಂಘ ಕಟ್ಟಿದರು. ಸತ್ತ ಒಡೆಯನಿಗಾಗಿ ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದ ಹಚಿಕೊ ಎಂಬ ಅಕಿಟಾ ನಾಯಿಯ ಕಥೆಯನ್ನು 1932ರಲ್ಲಿ ಪತ್ರಿಕೆಗೆ ಮುಟ್ಟಿಸಿದವರೂ ಇವರೇ. ಅಕಿಟಾ ತಳಿಗೆ 1931ರಲ್ಲಿ ‘ನೈಸರ್ಗಿಕ ಸ್ಮಾರಕ’ ಎಂಬ ಮನ್ನಣೆ ಸಿಕ್ಕಿತು. ಶಿಬಾ ಸರದಿ ಬಂದದ್ದು 1936ರ ಡಿಸೆಂಬರ್‌ನಲ್ಲಿ. ಕೋಟೆ, ದೇಗುಲ ಕಾಯುವ ಸರ್ಕಾರ ನಾಯಿಯನ್ನೂ ಅದೇ ಸಾಲಿಗೆ ಸೇರಿಸಿತು.

ಅದೇ ವರ್ಷ ಶಿಮಾನೆ ಪ್ರಾಂತ್ಯದ ಬೆಟ್ಟದ ಹಳ್ಳಿಯಿಂದ ಟೋಕಿಯೊಗೆ ಒಂದು ಬೇಟೆ ನಾಯಿ ಬಂತು. ಹೆಸರು ಇಶಿ, ಅಂದರೆ ಕಲ್ಲು. ಹುಟ್ಟಿದ್ದು 1930ರಲ್ಲಿ. ಶಿಕೊಕು ದ್ವೀಪದ ಕೊರೊ ಎಂಬ ಹೆಣ್ಣಿನ ಜೊತೆ ಇದನ್ನು ಕೂಡಿಸಿದರು. ಅವರ ಮಗ ಅಕಾ. ಇವತ್ತಿನ ಬಹುಪಾಲು ಶಿಬಾಗಳ ವಂಶವೃಕ್ಷ ಹಿಡಿದು ಹೋದರೆ ಸಿಗುವುದು ಈ ಕುಟುಂಬವೇ.

ಅಷ್ಟರಲ್ಲಿ ಯುದ್ಧ. ಮನುಷ್ಯರಿಗೇ ಅಕ್ಕಿ ಇಲ್ಲದಾಗ ನಾಯಿಗೆ ಅನ್ನ ಹಾಕುವುದು ದೇಶದ್ರೋಹ ಎನ್ನುವಂತಾಯಿತು. 1944ರ ಹೊತ್ತಿಗೆ ಸೈನಿಕರ ಕೋಟುಗಳಿಗೆ ಚರ್ಮ ಬೇಕೆಂದು ಸಾಕುನಾಯಿಗಳನ್ನು ಒಪ್ಪಿಸುವ ಅಭಿಯಾನವೇ ನಡೆಯಿತು. ಉಳಿದವನ್ನು ಯುದ್ಧದ ನಂತರ ಡಿಸ್ಟೆಂಪರ್ ರೋಗ ತಿಂದಿತು. ನಾಗಾನೊ, ಗಿಫು, ಸ್ಯಾನ್‌ಇನ್ ಕಡೆಯ ಬೇರೆ ಬೇರೆ ಬಗೆಯ ಸಣ್ಣ ನಾಯಿಗಳನ್ನು ಸೇರಿಸಿ ತಳಿಯನ್ನು ಮತ್ತೆ ಎಬ್ಬಿಸಿದರು. 1948ರಲ್ಲಿ ಹುಟ್ಟಿದ ನಾಕಾ ಎಂಬ ಗಂಡು ಈ ಹೊಸ ಶಿಬಾಕ್ಕೆ ಅಚ್ಚು ಹಾಕಿಕೊಟ್ಟಿತು.

ಗಂಡು ಶಿಬಾ ಎತ್ತರ ಸುಮಾರು 38ರಿಂದ 41 ಸೆಂ.ಮೀ. ಹೆಣ್ಣು ಸ್ವಲ್ಪ ಕುಳ್ಳಿ. ಕೆನ್ನೆ, ಎದೆ, ಹೊಟ್ಟೆ ಬೆಳ್ಳಗೆ. ಅದಕ್ಕೆ ಉರಾಜಿರೊ ಎನ್ನುತ್ತಾರೆ. ಇನ್ನು ಸ್ವಭಾವ. ಬೆಕ್ಕಿನ ಹಾಗೆ ಮೈ ನೆಕ್ಕಿಕೊಂಡು ಚೊಕ್ಕಟವಾಗಿರುತ್ತದೆ. ಮುದ್ದು ಮಾಡಲು ಹೋದರೆ ಒಂದಡಿ ಸರಿದು ಕೂರುತ್ತದೆ. ಜಪಾನಿಗರು ಇದಕ್ಕೆ ‘ಶಿಬಾ ದೂರ’ ಅಂತಲೇ ಹೆಸರಿಟ್ಟಿದ್ದಾರೆ. ವಾಕಿಂಗ್ ಸಾಕೆನಿಸಿದರೆ ರಸ್ತೆಯಲ್ಲೇ ನಾಲ್ಕೂ ಕಾಲು ಊರಿ ನಿಂತುಬಿಡುತ್ತದೆ. ಬೆಲ್ಟು ಎಳೆದಷ್ಟೂ ಕೆನ್ನೆಯೆಲ್ಲ ಮುಂದಕ್ಕೆ ಬಂದು ಮುಖ ಬನ್ನಿನಂತಾಗುತ್ತದೆ, ಕಾಲು ಮಾತ್ರ ಕದಲುವುದಿಲ್ಲ. ಇದಕ್ಕೂ ಒಂದು ಹೆಸರಿದೆ: ‘ಒಲ್ಲೆನೆಂಬ ಶಿಬಾ’. ಉಗುರು ಕತ್ತರಿಸಲು ಹೋದರೆ ಕೊಲ್ಲುತ್ತಿದ್ದಾರೇನೋ ಎಂಬಂತೆ ಕಿರುಚುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಮೈಮೇಲೆ ಎರಡು ಪದರದ ಕೂದಲು. ವರ್ಷಕ್ಕೆ ಎರಡು ಸಲ ಒಳಪದರ ಹತ್ತಿಯಂತೆ ಉದುರುತ್ತದೆ. ಆಗ ದಿನಾ ಬಾಚಬೇಕು, ಬೋಳಿಸಬಾರದು. ಆ ಪದರ ಬಿಸಿಲನ್ನೂ ತಡೆಯುತ್ತದೆ. ಆದರೂ ಕಲಬುರಗಿ, ರಾಯಚೂರಿನ ಬೇಸಿಗೆಗೆ ಈ ನಾಯಿ ತರುವವರು ಇನ್ನೊಮ್ಮೆ ಯೋಚಿಸಲಿ. ಚರ್ಮದ ಅಲರ್ಜಿ ಈ ತಳಿಯಲ್ಲಿ ಜಾಸ್ತಿ. ಕಣ್ಣಿನ ಗ್ಲಾಕೋಮಾ, ಮಂಡಿಚಿಪ್ಪು ಜಾರುವುದೂ ಉಂಟು. ಮರಿ ಇದ್ದಾಗಲೇ ಜನರ ನಡುವೆ ಓಡಾಡಿಸಿ, ಕಾಲು, ಕಿವಿ ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸದಿದ್ದರೆ ಆಮೇಲೆ ಕಷ್ಟ. ಗೇಟು ತೆರೆದಿದ್ದರೆ ಓಡಿಬಿಡುತ್ತದೆ, ಕರೆದರೆ ತಿರುಗಿಯೂ ನೋಡುವುದಿಲ್ಲ.

ಚೆನ್ನಾಗಿ ಸಾಕಿದರೆ 12ರಿಂದ 15 ವರ್ಷ ಬದುಕುತ್ತದೆ. ವಯಸ್ಸಾದಾಗ ಮರೆವಿನ ಕಾಯಿಲೆ ಈ ತಳಿಯಲ್ಲಿ ಹೆಚ್ಚು. ರಾತ್ರಿಯಿಡೀ ಊಳಿಡುತ್ತದೆ, ಒಂದೇ ಕಡೆಗೆ ಸುತ್ತುತ್ತದೆ, ಮೂಲೆಗೆ ನುಗ್ಗಿದರೆ ಹಿಂದಕ್ಕೆ ಬರಲು ತಿಳಿಯುವುದಿಲ್ಲ. ಅದಕ್ಕೇ ಜಪಾನಿನ ಮನೆಗಳಲ್ಲಿ ಬಚ್ಚಲಿಗೆ ಹಾಸುವ ಮೆತ್ತನೆಯ ಮ್ಯಾಟ್‌ಗಳನ್ನು ನಿಲ್ಲಿಸಿ ಜೋಡಿಸಿ, ಹಜಾರದಲ್ಲಿ ದುಂಡಗಿನ ಬೇಲಿ ಮಾಡುತ್ತಾರೆ. ಒಳಗೆ ಮುದಿ ನಾಯಿ ಸುಮ್ನೆ ಸುತ್ತುತ್ತಾ ಇರುತ್ತದೆ. ದುಂಡಗಿನ ಬೇಲಿಗೆ ಮೂಲೆ ಇರುವುದಿಲ್ಲ.