ಸ್ಟೆಮ್ ಸೆಲ್ ಕಸಿಗೆ ಬೆನ್ನುಮೂಳೆ ಕೊರೆಯುತ್ತಾರಾ?

ಪ್ರಶ್ನೆ: ಅಪ್ಪನಿಗೆ 58 ವರ್ಷ, ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್). ಕೀಮೋ ಮುಗಿದಿದೆ. ಈಗ ಅವರದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ತೆಗೆದು ಟ್ರಾನ್ಸ್‌ಪ್ಲಾಂಟ್ ಮಾಡೋಣ ಅಂದಿದ್ದಾರೆ. ಬೆನ್ನುಮೂಳೆ ಆಪರೇಷನ್ ಅಂತ ಅಪ್ಪ ಊಟ ಬಿಟ್ಟು ಕೂತಿದ್ದಾರೆ. ಹೇಗೆ ತಯಾರಾಗಬೇಕು?

ಕಸಿ ವಾರ್ಡಿನ ನರ್ಸ್ ಆಗಿ ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೊಮ್ಮೆ ಹೇಳುತ್ತೇನೆ: ಇದು ಆಪರೇಷನ್ ಅಲ್ಲ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಬೆನ್ನುಮೂಳೆಯ ತಂಟೆಗೆ ಯಾರೂ ಹೋಗುವುದಿಲ್ಲ.

ಈ ಭಯ ಹುಟ್ಟುವುದು ಎಲ್ಲಿ ಅಂತ ನನಗೆ ಗೊತ್ತು. ಬೋನ್ ಮ್ಯಾರೋ, ಅಂದರೆ ಮಜ್ಜೆಯ ಪರೀಕ್ಷೆಗೆ ಮಗ್ಗುಲಾಗಿ ಮಲಗಿಸಿ ಹಿಂದಿನಿಂದ ಸೂಜಿ ಹಾಕುತ್ತಾರೆ. ಗೋಡೆಗೆ ಮುಖ ಮಾಡಿ ಮಲಗಿದವರಿಗೆ ಅದು ಬೆನ್ನಿಗೇ ಚುಚ್ಚಿದ ಹಾಗೆ. ನಿಜಕ್ಕೂ ಸೂಜಿ ಇಳಿಯುವುದು ಸೊಂಟದ ಮೂಳೆಗೆ. ಇನ್ನು ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಬೆನ್ನಿನ ನೀರಿಗೆ ಔಷಧಿ ಕೊಡುವುದುಂಟು. ಅದನ್ನು ಪಕ್ಕದ ಮಂಚದಲ್ಲಿ ಕಂಡವರು ಎರಡನ್ನೂ ಕಲಸಿಬಿಡುತ್ತಾರೆ. ಮೈಲೋಮಾ ಬೇರೆ ಬೆನ್ನುಮೂಳೆಯನ್ನೇ ಸವೆಸುವ ಕಾಯಿಲೆ. ಸಾಲದ್ದಕ್ಕೆ ನಮ್ಮ ‘ಕಸಿ’ ಎಂಬ ಮಾತು. ಮಾವಿನ ಕಸಿ ನೋಡಿದವರಿಗೆ ಮೊದಲು ನೆನಪಾಗುವುದು ಚಾಕು.

ಮಜ್ಜೆ ಬೇರೆ, ಬೆನ್ನುಹುರಿ ಬೇರೆ. ಬೆನ್ನುಹುರಿ ಮೆದುಳಿನಿಂದ ಇಳಿದ ನರದ ಹಗ್ಗ; ಅದಕ್ಕೆ ಪೆಟ್ಟಾದರೆ ಕೈಕಾಲು ಸ್ವಾಧೀನ ತಪ್ಪಬಹುದು. ಮಜ್ಜೆ ಮೂಳೆಯೊಳಗಿನ ಮೆತ್ತನೆ ಪದಾರ್ಥ, ರಕ್ತ ಹುಟ್ಟುವ ಜಾಗ. ನಲ್ಲಿ ಮೂಳೆ ತಟ್ಟಿ ಹೀರಿದವರು ಮಜ್ಜೆಯನ್ನು ನೋಡಿಯೇ ಇದ್ದೀರಿ. ಅದರಲ್ಲಿ ಕೊಬ್ಬೇ ಹೆಚ್ಚು. ರಕ್ತ ತಯಾರಿಸುವ ಕೆಂಪು ಮಜ್ಜೆ ದೊಡ್ಡವರಲ್ಲಿ ಸೊಂಟ, ಎದೆಮೂಳೆ, ಪಕ್ಕೆಲುಬು, ಬೆನ್ನಿನ ಮಣಿಗಳಲ್ಲಿ ಉಳಿದಿರುತ್ತದೆ. ಬೇರೆಯವರಿಂದ ಮಜ್ಜೆಯನ್ನೇ ಪಡೆಯಬೇಕಾದಾಗಲೂ ತೆಗೆಯುವುದು ಸೊಂಟದಿಂದ, ಅರಿವಳಿಕೆ ಕೊಟ್ಟು. 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ದೇಶದ ಮೊದಲ ಮಜ್ಜೆ ಕಸಿ ಮಾಡಿದರಲ್ಲ, ಆ ಪುಟ್ಟ ಹುಡುಗಿಗೆ ಸಹೋದರನ ಮಜ್ಜೆ ಹೋದದ್ದೂ ರಕ್ತನಾಳದ ಮೂಲಕವೇ.

ನಿಮ್ಮ ತಂದೆಯ ಸೆಲ್ ತೆಗೆಯಲು ಸಾಮಾನ್ಯವಾಗಿ ಮೂಳೆಯನ್ನು ಮುಟ್ಟುವುದೂ ಇಲ್ಲ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ, ಮಜ್ಜೆಯನ್ನು ಚುರುಕುಗೊಳಿಸುವ ಇಂಜೆಕ್ಷನ್ ಕೊಟ್ಟರೆ ಸ್ಟೆಮ್ ಸೆಲ್‌ಗಳು ಮಜ್ಜೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ಆಗ ಮೂಳೆಗಳು ನೋಯುತ್ತವೆ. ಕಾಯಿಲೆ ಮರಳಿತೆಂದು ಗಾಬರಿಯಾಗಬೇಡಿ. ಆಮೇಲೆ ಅಫೆರೆಸಿಸ್ ಯಂತ್ರ. ರಕ್ತ ಒಂದು ಕಡೆಯಿಂದ ಹೋಗಿ, ಬೇಕಾದ ಸೆಲ್ ಬಿಟ್ಟು, ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ. ಒಂದು ಸಲಕ್ಕೆ ಕೆಲವು ಗಂಟೆ, ಕೆಲವರಿಗೆ ಎರಡು ದಿನ. ತುಟಿ ಜುಮ್ಮೆಂದರೆ ತಕ್ಷಣ ಹೇಳಲಿ, ಕ್ಯಾಲ್ಸಿಯಂ ಕೊಡುತ್ತಾರೆ. ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸೆಲ್ ಸಿಗಬೇಕು.

ನಂತರ ಮೆಲ್ಫಲಾನ್ ಎಂಬ ಜೋರು ಕೀಮೋ. ಅದು ಕ್ಯಾನ್ಸರ್ ಜೊತೆ ಮಜ್ಜೆಯನ್ನೂ ಬರಿದು ಮಾಡುತ್ತದೆ; ಹಾಗಾಗಿ ಅದಾದ ಮೇಲೆ ಅವೇ ಸೆಲ್‌ಗಳು ಡ್ರಿಪ್‌ನಲ್ಲಿ ವಾಪಸ್. ಮಜ್ಜೆಯ ದಾರಿಯನ್ನು ಅವು ತಾವೇ ಹುಡುಕಿಕೊಳ್ಳುತ್ತವೆ. ಇಪ್ಪತ್ತು ವರ್ಷ ನೋಡಿದ ಮೇಲೂ ನನಗೆ ಇದು ಬೆರಗೇ. ಕೌಂಟ್ (ರಕ್ತಕಣಗಳ ಸಂಖ್ಯೆ) ಏರಲು 10ರಿಂದ 14 ದಿನ. ಬಾಯಿಹುಣ್ಣು, ಬೇಧಿ, ಜ್ವರ ಎಲ್ಲ ಬರುವುದು ಆಗಲೇ. ನಿಮ್ಮ ತಯಾರಿ ಇರಬೇಕಾದದ್ದು ಈ ಎರಡು ವಾರಕ್ಕೆ.

ಮೊದಲು ಹಲ್ಲು ತೋರಿಸಿ. ಹುಳುಕು ಹಲ್ಲೊಂದು ಉಳಿದಿದ್ದರೆ ಕೌಂಟ್ ಬಿದ್ದಾಗ ಸೋಂಕು ಅಲ್ಲಿಂದಲೇ ಶುರುವಾಗಬಹುದು. ಹೃದಯ, ಶ್ವಾಸಕೋಶ, ಕಿಡ್ನಿ, ಹೆಪಟೈಟಿಸ್ ಪರೀಕ್ಷೆಗಳನ್ನು ಆಸ್ಪತ್ರೆಯವರೇ ಮಾಡಿಸುತ್ತಾರೆ. ಬೀಡಿ, ಸಿಗರೇಟು, ಎಲೆಅಡಿಕೆ ಈಗಲೇ ನಿಲ್ಲಲಿ. ನಾಟಿ ಔಷಧಿ, ಕಷಾಯ ಏನಾದರೂ ನಡೆದಿದ್ದರೆ ಮುಚ್ಚಿಡದೆ ಹೇಳಿ. ಪ್ಲೇಟ್‌ಲೆಟ್ ಕೊಡಬಲ್ಲ ನಾಲ್ಕೈದು ಜನರ ನಂಬರ್ ಬರೆದಿಟ್ಟುಕೊಳ್ಳಿ. ಮೆಲ್ಫಲಾನ್ ಹೋಗುವಾಗ ಬಾಯಲ್ಲಿ ಐಸ್ ಇಟ್ಟುಕೊಂಡರೆ ಹುಣ್ಣು ಕಡಿಮೆ. ಶೀತವಾಗುತ್ತದೆಂದು ಮನೆಯವರು ಅದನ್ನು ತಡೆಯುವುದು ಬೇಡ. ಊಟ ಬಿಟ್ಟಿದ್ದಾರೆ ಎಂದಿರಲ್ಲ, ನನಗೆ ಹೆಚ್ಚು ಚಿಂತೆ ಅದೇ. ಸೊರಗಿದ ಮೈ ಈ ಎರಡು ವಾರವನ್ನು ತಡೆಯುವುದು ಕಷ್ಟ. ಇದನ್ನು ಅವರಿಗೆ ಓದಿ ಹೇಳಿ, ಇವತ್ತೇ ಉಣ್ಣಿಸಿ.

ನೀವು ಕೇಳದ ಇನ್ನೊಂದು ವಿಷಯ: ಮನೆಯಲ್ಲಿ ಹಸುಗೂಸು ಇದೆಯಾ? ಕಸಿಯ ನಂತರ ಹಳೆಯ ಲಸಿಕೆಗಳ ರಕ್ಷಣೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಕೆಲವು ತಿಂಗಳ ಮೇಲೆ ಅಜ್ಜನೂ ಮೊಮ್ಮಗನ ಹಾಗೆ ಲಸಿಕೆ ಹಾಕಿಸಿಕೊಳ್ಳಬೇಕು. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷ ಕಾಯಬೇಕು. ಬಾಯಿಗೆ ಹಾಕುವ ಪೋಲಿಯೋ ಹನಿಯೂ ಜೀವಂತ ವೈರಸ್ಸೇ. ಹನಿ ಹಾಕಿಸಿದ ಮಗುವಿನ ಮಲದಲ್ಲಿ ಅದು ವಾರಗಟ್ಟಲೆ ಹೊರಬರುತ್ತದೆ. ಹಾಗಂತ ಮಗುವಿನ ಲಸಿಕೆ ತಪ್ಪಿಸಬೇಡಿ. ಪೋಲಿಯೋಗೆ ಇಂಜೆಕ್ಷನ್ ಇದೆ. ಬೂತ್‌ಗೆ ಹೋಗುವ ಮುಂಚೆ, ಮನೆಯಲ್ಲಿ ಕಸಿಯಾದವರು ಇದ್ದಾರೆಂದು ಮಕ್ಕಳ ಡಾಕ್ಟರಿಗೆ ತಿಳಿಸಿ. ಹನಿ ಆಗಲೇ ಬಿದ್ದಿದ್ದರೆ ಕಸಿ ತಂಡಕ್ಕೆ ಫೋನ್ ಮಾಡಿ, ಮತ್ತು ಆ ವಾರಗಳಲ್ಲಿ ಡೈಪರ್ ಬದಲಿಸುವ ಕೆಲಸ ಅಜ್ಜನಿಗೆ ಬೇಡ.